ನನ್ನನ್ನು ಬಿಡಿ

ಅವರು ತೀರಿಕೊಂಡ ಸುದ್ದಿ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಬಂದ ಮಧ್ಯಾಹ್ನವೇ ಒಂದು ಚಿತ್ರವೂ ಬಂತು. ಮೇಲೆ ಶಿಲುಬೆ, ಕೆಳಗೆ ಎರಡು ಮೇಣದಬತ್ತಿ, ನಡುವೆ ನೀಲಿ ಜೆರ್ಸಿ ತೊಟ್ಟು ಚೆಂಡನ್ನು ಸೊಂಟಕ್ಕೆ ಆನಿಸಿಕೊಂಡು ನಿಂತ ಅವರು. ನೋಡಿದೊಡನೆ ನನಗಾದದ್ದು ದುಃಖವಲ್ಲ, ಅನುಮಾನ. ನೀಲಿ ಜೆರ್ಸಿಯಲ್ಲಿ ಅವರ ಫೋಟೋ ಇರಲು ಸಾಧ್ಯವೇ ಇರಲಿಲ್ಲ. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಎಡ ಕಂಕುಳಿನ ಕೆಳಗೆ, ಬಟ್ಟೆ ಮಡಿಚಿಕೊಂಡಲ್ಲಿ, ಒಂದು ಚೂರು ಕೆಂಪು ಉಳಿದಿತ್ತು.

ಯಾರೋ ಫೋನಿನಲ್ಲೇ ಬಣ್ಣ ಬದಲಿಸಿದ್ದರು. ಎದುರು ತಂಡದ ಕೆಂಪು ಬನಿಯನಿನಲ್ಲಿ ತೆಗೆದ ಫೋಟೋ ಅದು. ನಾವು ಬೇಡವೆಂದು ಕಳಿಸಿಕೊಟ್ಟವರನ್ನು, ಸತ್ತ ಮೇಲೆ, ನೀಲಿ ಬಳಿದು ವಾಪಸು ತಂದುಕೊಂಡಿದ್ದೆವು. ಅದರ ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳು ಬಂದವು. ನಾನೂ ಒಂದು ಜೊತೆ ಕೈ ಸೇರಿಸಿದೆ.

ಈಗ ಅವರ ಬಗ್ಗೆ ಬರೆಯುವಾಗ ಅದೇ ಕೆಲಸವನ್ನು ನಾನೂ ಮಾಡುತ್ತಿದ್ದೇನೋ ಎಂಬ ಹೆದರಿಕೆಯಿದೆ. ನೆನಪಿಗೂ ಬಣ್ಣ ಬದಲಿಸುವ ಚಟ ಉಂಟು. ಆದ್ದರಿಂದ ಗೊತ್ತಿರುವುದನ್ನು ಗೊತ್ತಿರುವಷ್ಟು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ತಂಡದಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆದದ್ದೂ ಇಲ್ಲ. ನಮ್ಮ ಊರಿನ ತುಳು ಮಾತಿನಲ್ಲಿ ಕ್ರೈಸ್ತರನ್ನು ಪೊರ್ಬುಗಳು ಎನ್ನುತ್ತಾರೆ. ತಂಡದಲ್ಲಿ ಇನ್ನೂ ಮೂರ್ನಾಲ್ಕು ಮಂದಿ ಕ್ರೈಸ್ತರಿದ್ದರೂ ‘ಪೊರ್ಬುಗಳೇ’ ಎಂದು ಕೂಗಿದರೆ ತಿರುಗಿ ನೋಡುತ್ತಿದ್ದವರು ಇವರೊಬ್ಬರೇ.

ಕೊಲ್ಲಿ ನಾಡಿಗೆ ದುಡಿಯಲು ಬಂದ ನಾವು ಕರಾವಳಿಯವರೆಲ್ಲ ಸೇರಿ ಕಟ್ಟಿದ ಬಾಸ್ಕೆಟ್‌ಬಾಲ್ ತಂಡ ನಮ್ಮದು. ಬ್ಯಾಂಕಿನವರು, ಟೈರ್ ಅಂಗಡಿಯವರು, ಆಸ್ಪತ್ರೆಯ ಲ್ಯಾಬಿನವರು. ನಾನು ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಭಾರತೀಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆಟ ನನಗೆ ಬರುವುದಿಲ್ಲ. ಆಡುವ ಅಂಗಳ ನಮ್ಮ ಶಾಲೆಯದು, ಬೀಗದ ಕೈ ತರುವವನು ನಾನು ಎಂಬ ಕಾರಣಕ್ಕೆ ಅಂಕ ಬರೆಯುವ ಮೇಜು ನನ್ನದಾಯಿತು. ಆ ಮೇಜು ನಮ್ಮ ಬೆಂಚಿಗೆ ತಾಗಿಕೊಂಡೇ ಇತ್ತು. ಹಾಗಾಗಿ ಅಲ್ಲಿ ಆಡಿದ ಮಾತುಗಳೆಲ್ಲ ನನ್ನ ಕಿವಿಗೆ ಬೀಳುತ್ತಿದ್ದವು. ಬಿದ್ದ ಹಾಗೆಯೇ ಉಳಿದಿವೆ ಎಂದು ಮಾತ್ರ ಹೇಳಲಾರೆ.

ಅವರು ದುಖಾನ್‌ನಲ್ಲಿದ್ದರು. ನಗರದಿಂದ ದೂರ, ಮರಳುಗಾಡಿನ ಆಚೆ, ಎಣ್ಣೆ ಕಂಪೆನಿಯ ಗುತ್ತಿಗೆದಾರರ ಉಗ್ರಾಣದಲ್ಲಿ ಕೆಲಸ. ಪಂದ್ಯಗಳು ಗುರುವಾರ ಸಂಜೆ, ಸೂರ್ಯ ಮುಳುಗಿದಾಗಿನ ಮಗ್ರಿಬ್ ಬಾಂಗ್ ಮುಗಿದ ಮೇಲೆ. ಡ್ಯೂಟಿ ಮುಗಿಸಿ, ಮೈಮೇಲಿನ ಕಂಪೆನಿ ಅಂಗಿಯಲ್ಲೇ, ಆ ಉದ್ದದ ರಸ್ತೆಯಲ್ಲಿ ಒಬ್ಬರೇ ಗಾಡಿ ಓಡಿಸಿಕೊಂಡು ಬರುತ್ತಿದ್ದರು. ಪಂದ್ಯ ಅರ್ಧ ದಾರಿಯಲ್ಲಿರುವಾಗ ಗೇಟಿನ ಹತ್ತಿರ ಅವರ ಹಳೆಯ ಗಾಡಿಯ ಬಾಗಿಲು ಎರಡು ಸಲ ಬಡಿಯುವ ಸದ್ದು ಕೇಳುತ್ತಿತ್ತು. ಮೊದಲ ಸಲಕ್ಕೆ ಅದು ಮುಚ್ಚಿಕೊಳ್ಳುತ್ತಿರಲಿಲ್ಲ.

“ಬಂದ್ರು ದುಖಾನ್ ದೊರೆಗಳು,” ಎನ್ನುತ್ತಿದ್ದ ಇಕ್ಬಾಲ್. ಚೆಂಡು ಹಂಚುವ ಆಟಗಾರ ಅವನು, ಉಳ್ಳಾಲದ ಬ್ಯಾರಿ. ನಗರದೊಳಗಿನ ಬಿನ್ ಮಹಮೂದ್‌ನ ಅವನ ಕೋಣೆಯಲ್ಲೇ ಗುರುವಾರ ರಾತ್ರಿ ಇವರು ಮಲಗುತ್ತಿದ್ದುದು. ಶುಕ್ರವಾರ ಬೆಳಗ್ಗೆ ಇವರು ಪೂಜೆಗೆ ಇಗರ್ಜಿಗೆ, ಮಧ್ಯಾಹ್ನ ಅವನು ಜುಮ್ಮಾಕ್ಕೆ ಮಸೀದಿಗೆ, ಇಬ್ಬರೂ ಮುಗಿಸಿ ಬಂದು ಒಂದೇ ತಟ್ಟೆಯಲ್ಲಿ ಬಿರಿಯಾನಿ. “ದೇವರ ಲೆಕ್ಕ ಇಬ್ಬರದ್ದೂ ಚುಕ್ತಾ, ಇನ್ನು ಹೊಟ್ಟೆದ್ದು,” ಎಂದು ಇವರು ಹೇಳುತ್ತಿದ್ದರಂತೆ. ಇದು ಇಕ್ಬಾಲ್ ಹೇಳಿದ್ದು. ನಾನು ಆ ಊಟಕ್ಕೆ ಹೋದವನಲ್ಲ.

ತಡವಾಗಿ ಬರುತ್ತಿದ್ದುದರಿಂದಲೇ ಅವರ ಫೋಟೋ ಇಲ್ಲದಿರುವುದು. ನಮ್ಮ ಮ್ಯಾನೇಜರ್ ಸುಧಾಕರಣ್ಣನಿಗೆ ಪಂದ್ಯಕ್ಕೆ ಮೊದಲೇ, ಬೆವರು ಬರುವುದರೊಳಗೆ, ತಂಡದ ಫೋಟೋ ಆಗಬೇಕು. ಊರಿನ ಪತ್ರಿಕೆಗೆ ಕಳಿಸುವಾಗ ಮುಖಗಳು ಹೊಳೆಯಬಾರದಂತೆ. ಆ ಹೊತ್ತಿಗೆ ಅವರು ರಸ್ತೆಯಲ್ಲಿರುತ್ತಿದ್ದರು. ಎಷ್ಟೋ ಪಂದ್ಯಗಳ ಫೋಟೋಗಳು ನನ್ನ ಹತ್ತಿರ ಇವೆ. ಹಿಂದಿನ ಸಾಲಿನ ಬಲತುದಿಯಲ್ಲಿ ಎತ್ತರದವನೊಬ್ಬ ನಿಲ್ಲಬೇಕಾದಷ್ಟು ಜಾಗ ಖಾಲಿಯಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಇಲ್ಲ. ಜಾಗ ಇಲ್ಲ. ಎಲ್ಲರೂ ಒತ್ತಿಕೊಂಡೇ ನಿಂತಿದ್ದಾರೆ.

ಅವರ ಆಟ ನೋಡಲು ಚೆಂದದ್ದಾಗಿರಲಿಲ್ಲ. ಓಟ ಕಡಿಮೆ, ಬಲಮೊಣಕಾಲಿಗೆ ಪಟ್ಟಿ. ಎಡಗಡೆಗೆ ತಿರುಗಲು ಬರುತ್ತಲೇ ಇರಲಿಲ್ಲ. ಎಡಗೈಯಲ್ಲಿ ಚೆಂಡು ಸಿಕ್ಕರೆ ಬಿಸಿ ಪಾತ್ರೆ ಹಿಡಿದವರ ಹಾಗೆ ಬಲಗೈಗೆ ದಾಟಿಸುತ್ತಿದ್ದರು. ಆದರೆ ರಿಂಗಿನ ಕೆಳಗೆ ಬೆನ್ನು ಕೊಟ್ಟು ನಿಂತರೆ ಅವರನ್ನು ಅಲುಗಿಸಲು ಆಗುತ್ತಿರಲಿಲ್ಲ. ಚೆಂಡು ಒಳಗೆ ಕೊಟ್ಟರೆ ಸಾಕು, ಬಲಕ್ಕೆ ಅರ್ಧ ತಿರುಗಿ, ಹಲಗೆಗೆ ತಾಗಿಸಿ, ಒಳಗೆ. ಪ್ರತಿ ಸಲವೂ ಅದೇ. ಎದುರಿನವರಿಗೂ ಗೊತ್ತಿತ್ತು, ತಡೆಯಲು ಆಗುತ್ತಿರಲಿಲ್ಲ.

ಫ್ರೀ ಥ್ರೋ ಸಿಕ್ಕಾಗ ರಿಂಗಿನ ಜೊತೆ ಮಾತಾಡುತ್ತಿದ್ದರು. “ಬಾಯಿ ಬಿಡು ಮಾರಾಯ, ಬಾಯಿ ಬಿಡು,” ಎಂದು ಸಣ್ಣ ದನಿಯಲ್ಲಿ, ಔಷಧಿ ಕುಡಿಯಲು ಹಠ ಮಾಡುವ ಮಗುವಿಗೆ ಹೇಳಿದಂತೆ. ಚೆಂಡು ಹೊರಗೆ ಪುಟಿದರೆ “ಛೆ, ಉಗುಳಿದ” ಎನ್ನುತ್ತಿದ್ದರು.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಆಟದ ಸನ್ನೆಗಳಿಗೆಲ್ಲ ಊರಿನ ತಿಂಡಿಯ ಹೆಸರು. ಬೇರೆ ತಂಡಗಳು ನಂಬರ್ ಕೂಗಿದರೆ ನಾವು ತಿಂಡಿ ಕೂಗುತ್ತಿದ್ದೆವು. ‘ನೀರುದೋಸೆ’ ಅಂದರೆ ಎಲ್ಲರೂ ಅಗಲಕ್ಕೆ ಹರಡಿಕೊಳ್ಳಬೇಕು. ‘ಗೋಳಿಬಜೆ’ ಅಂದರೆ ಚೆಂಡು ಒಳಗೆ, ರಿಂಗಿನ ಕೆಳಗೆ, ಪೊರ್ಬುಗಳ ಕೈಗೆ. ಇದನ್ನೆಲ್ಲ ಶುರುಮಾಡಿದವರು ಅವರೇ ಎಂದು ಇಕ್ಬಾಲ್ ಹೇಳುತ್ತಾನೆ. ಸುಧಾಕರಣ್ಣ ತಾನು ಎನ್ನುತ್ತಾರೆ. ಎದುರು ತಂಡದ ಮಲಯಾಳಿಗಳಿಗೆ ಹಸಿವಾಗುತ್ತಿತ್ತು ಎಂಬುದು ಬಿಟ್ಟರೆ ಬೇರೆ ಯಾವುದರಲ್ಲೂ ಇಬ್ಬರಿಗೂ ಒಮ್ಮತ ಇಲ್ಲ.

ಸುಧಾಕರಣ್ಣ ಕೆಟ್ಟವರಲ್ಲ. ಕಾರ್ಗೋ ಆಫೀಸು ನಡೆಸುತ್ತಾರೆ. ಊರಿಗೆ ಕಳಿಸುವ ಕಂಬಳಿ, ಹಾಲಿನ ಪುಡಿ, ಖರ್ಜೂರದ ಡಬ್ಬಗಳ ನಡುವೆ ಕೂತು ತಂಡವನ್ನೂ ನಡೆಸುತ್ತಿದ್ದರು. ಜೆರ್ಸಿ ಅವರದ್ದೇ ಖರ್ಚು. ಅವರಿಗೆ ಒಂದು ಸಲ ಕಪ್ ಬೇಕಿತ್ತು. ನಾವು ಯಾವಾಗಲೂ ಸೆಮಿಫೈನಲ್‌ವರೆಗೆ ಹೋಗಿ ಮನೆಗೆ ಹೋಗುವವರು.

ಆ ವರ್ಷವೂ ಸೆಮಿಫೈನಲ್. ಎದುರು ಕೆಂಪು ತಂಡ, ಹೆಚ್ಚಿನವರು ಮಲಯಾಳಿಗಳು. ಪೊರ್ಬುಗಳು ಬಂದದ್ದು ಎರಡನೆಯ ಅರ್ಧ ಶುರುವಾದ ಮೇಲೆ. ದಾರಿಯಲ್ಲಿ ಧೂಳು ಎದ್ದಿತ್ತಂತೆ. ಶೂ ಕಟ್ಟಿಕೊಂಡು, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಬೆಂಚಿನಲ್ಲಿ ಕೂತರು. ಸುಧಾಕರಣ್ಣ ಅವರತ್ತ ನೋಡಲಿಲ್ಲ. ನಾವು ಹಿಂದೆ ಇದ್ದೆವು. ಕೆಂಪು ತಂಡದ ಒಬ್ಬ ಇಂಜಿನಿಯರ್, ದೂರದಿಂದ ಎಸೆಯುವವನು, ನಿಂತಲ್ಲಿಂದ ಎಸೆದದ್ದೆಲ್ಲ ಒಳಗೆ ಬೀಳುತ್ತಿತ್ತು.

ಇವರು ಎದ್ದು ನಿಂತರು. ಕೂತರು. ಮತ್ತೆ ಎದ್ದರು.

“ಸುಧಾಕರಣ್ಣ, ನನ್ನನ್ನು ಬಿಡಿ.”

ಸುಧಾಕರಣ್ಣ ಕೈಯಲ್ಲೇ ಕೂರುವಂತೆ ಸನ್ನೆ ಮಾಡಿದರು.

“ನನ್ನನ್ನು ಬಿಡಿ ಮಾರಾಯ್ರೆ! ಎಷ್ಟು ಹೊತ್ತು ಇಲ್ಲಿ ಕೂರ್ಸುವುದು? ಬಿಡಿ ಒಮ್ಮೆ!”

ಅವರು ಹಾಗೆ ದನಿ ಎತ್ತಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಸುಧಾಕರಣ್ಣನ ಕಿವಿ ಕೆಂಪಾಯಿತು. ಬಿಡಲಿಲ್ಲ. ನಾವು ಸೋತೆವು.

ಇಲ್ಲಿ ನಿಲ್ಲಬೇಕು. ಇದು ನಾನು ಕೇಳಿದ್ದು ಎಂದು ಬರೆದಿದ್ದೇನೆ. ಆದರೆ ಇಕ್ಬಾಲ್ ಪ್ರಕಾರ ಅವರು ಆ ಮಾತು ಆಡಿದ್ದು ತುಳುವಿನಲ್ಲಿ, ‘ಎನನ್ ಬುಡ್ಲೆ’ ಎಂದು. ಅವನು ಆಗ ಅಂಗಳದ ಆಚೆ ತುದಿಯಲ್ಲಿದ್ದ. ತುಳುವಾದರೂ ಅಷ್ಟೇ, ಕನ್ನಡವಾದರೂ ಅಷ್ಟೇ, ಆ ಶಬ್ದಕ್ಕೆ ಎರಡು ಬಾಗಿಲು. ಕೆಲವೊಮ್ಮೆ ನನ್ನ ನೆನಪಿನಲ್ಲಿ ಅವರು ‘ಒಳಗೆ ಬಿಡಿ’ ಎಂದೇ ಸ್ಪಷ್ಟವಾಗಿ ಹೇಳುತ್ತಾರೆ. ಆ ‘ಒಳಗೆ’ ಅಂದೇ ಇತ್ತೋ, ಆಮೇಲೆ ದುಖಾನ್‌ನಲ್ಲಿ ಅವರ ಬಾಯಿಂದ ಕೇಳಿದ ಮೇಲೆ ನನ್ನ ಕಿವಿ ಹಿಂದಕ್ಕೆ ಹೋಗಿ ಸೇರಿಸಿಕೊಂಡಿತೋ, ತಿಳಿಯದು.

ನಮ್ಮ ಟೂರ್ನಿಯಲ್ಲಿ ಒಂದು ನಿಯಮ ಉಂಟು. ಹೊಸ ಟೂರ್ನಿಗೆ ಮೊದಲು ಎರಡು ತಂಡಗಳು ಒಪ್ಪಿ ಒಬ್ಬೊಬ್ಬ ಆಟಗಾರನನ್ನು ಅದಲುಬದಲು ಮಾಡಿಕೊಳ್ಳಬಹುದು. ಎಕ್ಸ್‌ಚೇಂಜ್ ಎನ್ನುತ್ತಾರೆ. ಕೆಂಪು ತಂಡಕ್ಕೆ ರಿಂಗಿನ ಕೆಳಗೆ ನಿಲ್ಲುವ ಗಟ್ಟಿ ಆಳು ಬೇಕಿತ್ತು. ನಮಗೆ ಆ ಇಂಜಿನಿಯರ್ ಬೇಕಿದ್ದ. ಕಾರ್ಗೋ ಆಫೀಸಿನಲ್ಲಿ ಒಂದು ಭಾನುವಾರ ಸಭೆ ಸೇರಿತು. ಭಾನುವಾರ ಇಲ್ಲಿ ಕೆಲಸದ ದಿನ. ದುಖಾನ್‌ನಿಂದ ಯಾರೂ ಬರುವಂತಿರಲಿಲ್ಲ.

“ನಾವಾಗಿ ಕಳಿಸುವುದಲ್ಲ,” ಎಂದರು ಸುಧಾಕರಣ್ಣ. “ಅವರೇ ಕೇಳಿದ್ದು. ಎಲ್ಲರ ಎದುರು. ನನ್ನನ್ನು ಬಿಡಿ, ಎಷ್ಟು ಹೊತ್ತು ಇಲ್ಲಿ ಕೂರ್ಸುವುದು ಅಂತ. ಕೇಳಿಲ್ವಾ ನೀವು?”

ಎಲ್ಲರೂ ಕೇಳಿದ್ದರು. ಒಬ್ಬ ಹೇಳಿದ: “ಪಾಪ, ಅಷ್ಟು ದೂರದಿಂದ ಬಂದು ಕೂರುವುದು ಅವರಿಗೂ ಸಾಕಾಗಿರ್ಬೇಕು.”

“ಒಮ್ಮೆ ಫೋನ್ ಮಾಡಿ ಕೇಳುವ,” ಎಂದ ಇಕ್ಬಾಲ್.

“ಕೇಳಿದ್ರೆ ದಾಕ್ಷಿಣ್ಯಕ್ಕೆ ಇರ್ತೇನೆ ಅಂತಾರೆ. ಬಿಡುವ ಮನಸ್ಸಿದ್ದವರನ್ನು ಹಿಡಿದು ಎಂತ ಮಾಡುವುದು? ಖಲಾಸ್. ಮರ್ಯಾದೆಯಲ್ಲಿ ಕಳಿಸುವ.”

ಸುಧಾಕರಣ್ಣ ಇದನ್ನು ಕಪಟದಿಂದ ಹೇಳಿದರು ಎಂದು ನಂಬಲು ನನಗೆ ಆಗಿಲ್ಲ. ಅವರಿಗೆ ಇಂಜಿನಿಯರ್ ಬೇಕಿದ್ದ, ಆ ಮಾತು ಅದಕ್ಕೆ ಸರಿಯಾಗಿ ಒದಗಿತು. ನಮಗೆ ಬೇಕಾದ ಅರ್ಥವನ್ನೇ ಕಿವಿ ಮೊದಲು ಹಿಡಿಯುತ್ತದೆ, ಅಷ್ಟೇ. ಈ ಊರಿನಲ್ಲಿ ನಾವೆಲ್ಲರೂ ಒಂದಲ್ಲ ಒಂದು ಕಾಲಕ್ಕೆ ಕಂಪೆನಿಯ ಹತ್ತಿರ ‘ನನ್ನನ್ನು ಬಿಡಿ’ ಎಂದು ಬೇಡಿದವರೇ. ಬೇರೆ ಕೆಲಸಕ್ಕೆ ಹೋಗಲು ಬಿಡಿ, ರಜೆಯಲ್ಲಿ ಊರಿಗೆ ಬಿಡಿ. ಬಿಡಿ ಎಂದವನನ್ನು ಬಿಡುವುದೇ ದೊಡ್ಡ ಉಪಕಾರ ಎಂದು ತಿಳಿದ ಊರು ಇದು.

ಗುಂಪಿನಲ್ಲಿ ಸಂದೇಶ ಬಂತು. ಇಂಜಿನಿಯರ್‌ಗೆ ಸ್ವಾಗತ, ಇವರಿಗೆ ಧನ್ಯವಾದ, ಇಬ್ಬರಿಗೂ ಒಂದೇ ಹೂಗುಚ್ಛ. ಬಹಳ ಹೊತ್ತಿನ ಮೇಲೆ ಅವರು ‘ಓಕೆ’ ಎಂದು ಬರೆದರು. ಆಮೇಲೆ ಗುಂಪು ಬಿಟ್ಟರು. ಪರದೆಯ ಮೇಲೆ ಅವರ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ ‘ಲೆಫ್ಟ್’ ಎಂದು ಬಿತ್ತು. ಲ್ಯಾಬಿನ ಹುಡುಗ ಒಬ್ಬ ಕೂಡಲೇ ಬರೆದ: “ಆಡುವಾಗ ಒಂದು ದಿನವೂ ಲೆಫ್ಟ್‌ಗೆ ತಿರುಗದ ಪೊರ್ಬುಗಳು ಕೊನೆಗೂ ಲೆಫ್ಟ್ ಆದ್ರು.” ನಕ್ಕ ಮುಖಗಳು ಸಾಲಾಗಿ ಬಂದವು. ಒಳ್ಳೆಯ ಹಾಸ್ಯವೇ. ಈಗಲೂ ನೆನಪಾದರೆ ನಗು ಬರುತ್ತದೆ, ಅದೇ ಕಷ್ಟ.

ಜೆರ್ಸಿ ಅವರ ಹತ್ತಿರವೇ ಉಳಿದಿತ್ತು. ಹೊಸದನ್ನು ಹೊಲಿಸಲು ಹೊತ್ತಿರಲಿಲ್ಲ, ಎತ್ತರದವರ ಅಳತೆಯದ್ದು ಅದೊಂದೇ. ಇಂಜಿನಿಯರ್‌ಗೆ ಅದನ್ನೇ ಕೊಡುವುದೆಂದಾಯಿತು. ತರಲು ನನ್ನನ್ನೂ ಇಕ್ಬಾಲನನ್ನೂ ಕಳಿಸಿದರು. ಶನಿವಾರ ಹೋದೆವು. ದುಖಾನ್ ದಾರಿಯಲ್ಲಿ ಎರಡೂ ಕಡೆ ಬರೀ ಮರಳು, ಕಲ್ಲು, ದೂರದಲ್ಲಿ ಉರಿಯುವ ಗ್ಯಾಸಿನ ಕೊಳ್ಳಿ. ಪ್ರತಿ ಗುರುವಾರ ಈ ರಸ್ತೆಯಲ್ಲಿ ಅವರು ಒಬ್ಬರೇ ಏನು ಯೋಚಿಸುತ್ತಾ ಬರುತ್ತಿದ್ದರು ಎಂದು ಊಹಿಸಲು ನೋಡಿದೆ. ಆಗಲಿಲ್ಲ.

ಕಾಲೊನಿಯ ಹಿಂಬದಿಯಲ್ಲಿ ಸಿಮೆಂಟಿನ ಒಂದು ಅಂಗಳ, ಬಲೆ ಇಲ್ಲದ ಒಂದೇ ಒಂದು ರಿಂಗು. ಅಲ್ಲೇ ಸಿಕ್ಕರು. ಒಬ್ಬರೇ ಎಸೆಯುತ್ತಿದ್ದರು. ಎಡಗೈಯಲ್ಲಿ ಎಂದು ಇಕ್ಬಾಲ್ ಆಣೆ ಹಾಕಿ ಹೇಳುತ್ತಾನೆ. ನನಗೆ ಕಂಡದ್ದು ಬೆನ್ನು ಮಾತ್ರ.

“ಎಂತ ಮಾಸ್ಟ್ರೆ, ಜಪ್ತಿಗೆ ಬಂದದ್ದಾ?” ಎಂದರು.

ಕೋಣೆಗೆ ಕರೆದುಕೊಂಡು ಹೋಗಿ ಚಾ ಮಾಡಿದರು. ಜೆರ್ಸಿಯನ್ನು ಒಗೆದು, ಇಸ್ತ್ರಿ ಹಾಕಿ, ಅಂಗಡಿಯಲ್ಲಿ ಮಡಚಿದ ಹಾಗೆ ಮಡಚಿ ಇಟ್ಟಿದ್ದರು. ಇಕ್ಬಾಲ್ ಅದನ್ನು ಮುಟ್ಟಲಿಲ್ಲ.

“ಪೊರ್ಬುಗಳೇ, ನೀವೇ ಬಿಡಿ ಅಂದದ್ದಂತೆ. ಹೌದಾ?”

“ಹೌದು. ಅಂದೆ.”

“ಯಾಕೆ ಮಾರಾಯ್ರೆ? ನನ್ನತ್ರ ಒಂದು ಮಾತು ಹೇಳ್ಲಿಲ್ಲ?”

ಅವರು ಚಾದ ಲೋಟವನ್ನು ನೆಲದ ಮೇಲಿಟ್ಟರು. “ಒಳಗೆ ಬಿಡಿ ಅಂತ ಹೇಳಿದ್ದು ಇಕ್ಬಾಲಾ. ಒಳಗೆ! ಬೆಂಚಲ್ಲಿ ಕೂತವ ಮ್ಯಾಚ್ ನಡುವೆ ಬಿಡಿ ಅಂದ್ರೆ ಮತ್ತೆ ಎಂತ ಅರ್ಥ? ಮನೆಗೆ ಬಿಡಿ ಅಂತ ಹೇಳ್ತಾನಾ ಯಾರಾದ್ರೂ?”

ಇಕ್ಬಾಲ್ ತುಳುವಿನಲ್ಲಿ ಏನೋ ಬೈದ. ಯಾರಿಗೆ ಎಂದು ಸ್ಪಷ್ಟವಾಗಲಿಲ್ಲ.

“ಹಾಗಾದ್ರೆ ಸುಧಾಕರಣ್ಣನಿಗೆ ಹೇಳಿ. ಈಗ್ಲೇ ಫೋನ್ ಮಾಡಿ. ಇನ್ನೂ ಆಟ ಶುರುವಾಗ್ಲಿಲ್ಲ.”

“ನಾನ್ಯಾಕೆ ಮಾಡ್ಲಿ? ಅವರು ಒಂದು ಫೋನ್ ಮಾಡಿ ಕೇಳ್ಲಿಲ್ಲ. ಕೇಳ್ಲಿ. ಕೇಳಿದ್ರೆ ಹೇಳ್ತೇನೆ.” ನನ್ನ ಕಡೆ ತಿರುಗಿದರು. “ನಾನು ಬೇಡ ಅಂತ ಆದ ಮೇಲೆ ವ್ಯಾಕರಣ ಸರಿ ಮಾಡಿ ಎಂತ ಉಂಟು ಮಾಸ್ಟ್ರೆ?”

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಇದು ನನಗೆ ಸರಿಯಾಗಿ ನೆನಪಿದೆ ಎಂದುಕೊಂಡಿದ್ದೇನೆ.

“ಕಂಪೆನಿ ನನ್ನನ್ನು ಎಷ್ಟು ಕ್ಯಾಂಪಿಗೆ ಹಾಕಿದೆ, ಎಷ್ಟು ಸಲ ತೆಗ್ದಿದೆ. ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅದು ಸಂಬಳಕ್ಕೆ. ಗುರುವಾರ ಸಂಜೆಗೆ ನನಗೆ ಯಾರೂ ಸಂಬಳ ಕೊಡುವುದಿಲ್ವಲ್ಲ. ಅಲ್ಲಿಯೂ ಟ್ರಾನ್ಸ್‌ಫರಾ? ಬರುವ ವರ್ಷ ಹೇಗೂ ಕಂಪೆನಿಯೇ ಊರಿಗೆ ಕಳಿಸ್ತದೆ. ಅಲ್ಲಿವರೆಗೆ ಈ ನೀಲಿ ಬನಿಯನಲ್ಲಿ ಆಡಿ ಹೋಗುವ ಅಂತ ಇತ್ತು. ಅಷ್ಟೇ. ದೊಡ್ಡ ಆಸೆ ಅಲ್ಲ.”

ಜೆರ್ಸಿಯನ್ನು ಅವರೇ ಎತ್ತಿ ನನ್ನ ಕೈಗೆ ಕೊಟ್ಟರು.

ಮರುದಿನವೇ ನಾನು ಸುಧಾಕರಣ್ಣನ ಆಫೀಸಿಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಟೇಪಿನ ಸುರುಳಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು.

“ಒಳಗೆ ಅಂತ ಹೇಳ್ಲಿಲ್ಲ ಅವರು,” ಎಂದರು.

“ಇರಬಹುದು. ಆದರೆ ಅರ್ಥ ಅದು.”

“ಹಾಗಾದ್ರೆ ಬಾಯಿ ಬಿಟ್ಟು ಹೇಳ್ಲಿ ಅವರು. ನನಗೆ ಒಂದು ಫೋನ್ ಮಾಡ್ಲಿ. ನಾನು ಆ ಕ್ಷಣ ಮಲಯಾಳಿಗಳಿಗೆ ಹೇಳಿ ವಾಪಸು ತಗೊಳ್ತೇನೆ. ಎಲ್ಲರ ಎದುರು ನನಗೆ ಬೊಬ್ಬೆ ಹೊಡೆದವರು ಅವರು. ನಾನು ಮೊದಲು ಮಾಡ್ಬೇಕಾ?”

ಇದನ್ನು ಇಕ್ಬಾಲ್ ದುಖಾನ್‌ಗೆ ತಿಳಿಸಿದ. ಅಲ್ಲಿಂದ ಬಂದ ಉತ್ತರ: “ಕೇಳಿದ್ರೆ ಹೇಳ್ತೇನೆ ಅಂತ ಹೇಳಿದ್ದೇನಲ್ಲ.” ಇಬ್ಬರ ಕೈಯಲ್ಲೂ ಫೋನಿತ್ತು. ಒಬ್ಬರು ಕೇಳಲಿ ಎಂದರು, ಇನ್ನೊಬ್ಬರು ಹೇಳಲಿ ಎಂದರು. ಪಟ್ಟಿ ಅಂತಿಮವಾಯಿತು. ರಿಂಗಿಗೆ ಬಾಯಿ ಬಿಡು ಎಂದು ಗೋಗರೆಯುತ್ತಿದ್ದವರು ತಾವು ಬಾಯಿ ಬಿಡಲಿಲ್ಲ.

ಅವರು ಕೆಂಪು ತಂಡಕ್ಕೆ ಆಡಿದರು. ಚೆನ್ನಾಗಿಯೇ ನೋಡಿಕೊಂಡರು ಅವರನ್ನು. ಆ ತಂಡದ ನಾಯಕ ಅವರನ್ನು ಚೇಟ್ಟಾ, ಅಣ್ಣ, ಎಂದು ಕರೆಯುತ್ತಿದ್ದ. ದುಖಾನ್‌ನಿಂದ ಬರುವವರೆಗೆ ಫೋಟೋ ತೆಗೆಯದೆ ಕಾಯುತ್ತಿದ್ದರು. ಮೇಣದಬತ್ತಿಯ ನಡುವೆ ನಾವು ನೀಲಿ ಬಳಿದು ಹಾಕಿದ ಚಿತ್ರ ಹಾಗೆ ಕಾದು ತೆಗೆದದ್ದು, ನಮ್ಮ ಮೇಲೆಯೇ ಆಡುವ ಸಂಜೆ, ಪಂದ್ಯಕ್ಕೆ ಮೊದಲು. ಅವರು ನಗುತ್ತಿಲ್ಲ ಎಂದು ಮೊದಲು ಬರೆದಿದ್ದೆ. ಮತ್ತೆ ನೋಡಿದೆ. ನಗುತ್ತಿದ್ದಾರೆ.

ಆ ಪಂದ್ಯದ ಹೊತ್ತಿಗೆ ಸುಧಾಕರಣ್ಣನಿಗೆ ಒಂದೇ ಚಿಂತೆ. “ನಮ್ಮ ತಿಂಡಿ ಎಲ್ಲ ಅವರಿಗೆ ಗೊತ್ತುಂಟಲ್ಲ! ಹೇಳಿ ಬಿಟ್ಟಿದ್ರೆ?” ಹೆಸರು ಬದಲಿಸಲು ಹೊತ್ತಿರಲಿಲ್ಲ. ಆದರೆ ಅವರು ಯಾರಿಗೂ ಹೇಳಿರಲಿಲ್ಲ. ನಮ್ಮವರು ‘ನೀರುದೋಸೆ’ ಎಂದಾಗ ಕೆಂಪು ತಂಡದವರು ಎಂದಿನಂತೆ ಮುಖ ಮುಖ ನೋಡಿಕೊಂಡದ್ದನ್ನು ನಾನು ಮೇಜಿನಿಂದ ಕಂಡೆ. ಇವರು ಒಬ್ಬರೇ ತಮಗೆ ಕೇಳಿಸಲೇ ಇಲ್ಲವೆಂಬಂತೆ ನೆಲ ನೋಡುತ್ತಾ ನಿಲ್ಲುತ್ತಿದ್ದರು.

ಕೊನೆಯ ಭಾಗ. ಅಂಕಗಳು ಹತ್ತಿರ ಹತ್ತಿರ ಇದ್ದವು. ಇಂಜಿನಿಯರನ್ನು ಇಬ್ಬರು ಸುತ್ತುವರಿದಿದ್ದರು. ಚೆಂಡು ಇಕ್ಬಾಲನ ಕೈಯಲ್ಲಿತ್ತು. ಕೊಡಲು ಯಾರೂ ಕಾಣದೆ ಅವನು ಕೂಗಿದ: “ಗೋಳಿಬಜೆ!”

ಇಂಜಿನಿಯರ್ ಬಂದ ಮೇಲೆ ನಾವು ಆ ಸನ್ನೆಯನ್ನು ಬಳಸಿಯೇ ಇರಲಿಲ್ಲ. ಒಳಗೆ ನಿಲ್ಲುವವರು ಯಾರೂ ಇರಲಿಲ್ಲವಲ್ಲ. ಆದರೂ ಕೂಗಿದ. ಅದನ್ನು ಕೇಳಿ ಒಬ್ಬರು ಚಲಿಸಿದರು. ರಿಂಗಿನ ಕೆಳಗೆ, ಬೆನ್ನು ಕೊಟ್ಟು, ಬಲಗೈ ಎತ್ತಿ ಅವರು ನಿಂತಿದ್ದರು, ವರ್ಷಗಟ್ಟಲೆ ನಿಂತ ಜಾಗದಲ್ಲಿ, ಕೆಂಪು ಬನಿಯನಿನಲ್ಲಿ. ಇಕ್ಬಾಲ್ ಬಣ್ಣ ನೋಡಲಿಲ್ಲ, ಕೈ ನೋಡಿದ. ಚೆಂಡು ನೇರ ಅವರ ಅಂಗೈಗೆ ಹೋಯಿತು.

ಅವರು ಬಲಕ್ಕೆ ಅರ್ಧ ತಿರುಗಿದರು. ಹಲಗೆ ಎದುರಿಗಿತ್ತು. ಅದು ನಾವು ಹಾಕಬೇಕಾದ ರಿಂಗು, ಅವರು ಕಾಯಬೇಕಾದ್ದು. ಅರ್ಧ ತಿರುಗಿದವರು ಹಾಗೇ ನಿಂತರು. ಎಸೆಯಲಿಲ್ಲ. ತಮ್ಮವರಿಗೆ ಕೊಡಲೂ ಇಲ್ಲ. ಚೆಂಡನ್ನು ಎದೆಗೆ ಒತ್ತಿ ಹಿಡಿದು, ಎರಡೂ ಮೊಣಕೈ ಹೊರಗೆ ಮಾಡಿ, ಇಕ್ಬಾಲನ ಮುಖ ನೋಡುತ್ತಾ ನಿಂತರು. “ಚೇಟ್ಟಾ! ಇಲ್ಲಿ!” ಎಂದು ಕೆಂಪು ತಂಡದವರು ಕೂಗುತ್ತಿದ್ದರು. ನಮ್ಮವರು ಯಾರೂ ಕಸಿಯಲು ಹೋಗಲಿಲ್ಲ. ಕೊನೆಗೆ, ಹೊತ್ತು ಮೀರಿತೆಂದು, ರೆಫ್ರಿ ಸೀಟಿ ಊದಿದ. ಚೆಂಡು ನಮಗೆ ಬಂತು.

ಯಾರೋ ನಕ್ಕರು. ಇಂಜಿನಿಯರ್ ಆಮೇಲೆ ಎಸೆದದ್ದು ಒಳಗೆ ಬಿತ್ತು, ನಾವು ಗೆದ್ದೆವು. ಆದರೆ ಅದಕ್ಕೆ ಮೊದಲೇ ಇವರು ಕೈ ಎತ್ತಿ ತಮ್ಮನ್ನು ಬದಲಿಸುವಂತೆ ಕೇಳಿ ಹೊರಗೆ ಬಂದಿದ್ದರು. “ಸಾರಮಿಲ್ಲ ಚೇಟ್ಟಾ,” ಪರವಾಗಿಲ್ಲ ಎಂದು ಅವರ ನಾಯಕ ಹೆಗಲು ತಟ್ಟಿದ. ಇವರು ತಲೆಯಾಡಿಸಿದರು. ಶೂ ಬಿಚ್ಚಿ, ಚಪ್ಪಲಿ ಹಾಕಿ, ನಮ್ಮ ಬೆಂಚಿನ ಮುಂದೆಯೇ ಹಾದು ಹೋದರು. ಸುಧಾಕರಣ್ಣ ಎದ್ದು ನಿಂತರು. ಏನೋ ಹೇಳಲಿಕ್ಕೆ ಎದ್ದರು ಎಂದು ನನಗೆ ಅನಿಸಿತು. ಬರೀ ಎದ್ದದ್ದೂ ಇರಬಹುದು. ಗೇಟಿನ ಹತ್ತಿರ ಗಾಡಿಯ ಬಾಗಿಲು ಎರಡು ಸಲ ಬಡಿಯಿತು.

ಮತ್ತೆ ಅವರು ಯಾವ ತಂಡಕ್ಕೂ ಆಡಲಿಲ್ಲ. ನಾವು ಕಪ್ ಗೆದ್ದೆವು. ಇಂಜಿನಿಯರ್ ಮರುವರ್ಷ ಬೇರೆ ದೇಶಕ್ಕೆ ಹೋದ. ಸುಧಾಕರಣ್ಣ ತಿಂಡಿಗಳ ಹೆಸರನ್ನೆಲ್ಲ ಬದಲಿಸಿದರು.

ಕಂಪೆನಿ ಹೇಳಿದ ಹಾಗೆಯೇ ಪೊರ್ಬುಗಳನ್ನು ಊರಿಗೆ ಕಳಿಸಿತು. ಶಿರ್ವದ ಕಡೆ ಮನೆ. ಹೋದ ಮೇಲೆ ಒಮ್ಮೆ ಇಕ್ಬಾಲನಿಗೆ ಫೋನ್ ಮಾಡಿದ್ದರಂತೆ. ಮೊಣಕಾಲು, ಮಗಳ ಮದುವೆ, ಮೀನಿನ ರೇಟು, ಎಲ್ಲ ಮಾತಾಡಿ ಕೊನೆಗೆ ಕೇಳಿದರಂತೆ: “ಗೋಳಿಬಜೆಗೆ ಈಗ ಎಂತ ಹೆಸರು?”

ಇಕ್ಬಾಲ್ ತಮಾಷೆಗೆ ಹೇಳಿದ: “ಹೇಳ್ಲಿಕ್ಕೆ ಆಗುವುದಿಲ್ಲ ಪೊರ್ಬುಗಳೇ. ನೀವು ಬೇರೆ ಟೀಮ್ ಅಲ್ವಾ.”

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲವಂತೆ. ಆಮೇಲೆ ನಕ್ಕರಂತೆ. ಲೈನ್ ಸರಿ ಇರಲಿಲ್ಲ, ಅದಕ್ಕೇ ತಡವಾಗಿ ಕೇಳಿಸಿದ್ದು ಎಂದು ಇಕ್ಬಾಲ್ ಈಗ ಪದೇ ಪದೇ ಹೇಳುತ್ತಾನೆ.

ಈಗ ಸುಧಾಕರಣ್ಣ ತೀರಿಕೊಂಡ ಪೊರ್ಬುಗಳ ಹೆಸರಿನಲ್ಲಿ ಒಂದು ಪಂದ್ಯ ಇಟ್ಟಿದ್ದಾರೆ. ನೀಲಿಗೂ ಕೆಂಪಿಗೂ. ಅದಕ್ಕೊಂದು ಸಣ್ಣ ಸಂಚಿಕೆ. “ನೀವು ನಾಲ್ಕು ಮಾತು ಬರೆದುಕೊಡಿ ಮಾಸ್ಟ್ರೆ, ಕನ್ನಡದಲ್ಲಿ,” ಎಂದಿದ್ದರು. ಇಲ್ಲಿಯವರೆಗಿನದನ್ನು ಬರೆದು ಕಳೆದ ವಾರ ಅವರ ಆಫೀಸಿಗೆ ತೆಗೆದುಕೊಂಡು ಹೋದೆ. ಕನ್ನಡಕ ಏರಿಸಿ, ಗಿರಾಕಿಗಳನ್ನು ಕಾಯಿಸಿ, ಪೂರ್ತಿ ಓದಿದರು. ಹಿಂದೆ ಕೆಲಸದವನು ಡಬ್ಬಕ್ಕೆ ಟೇಪ್ ಸುತ್ತುತ್ತಿದ್ದ. ಅದರ ಕರ್ರೆಂಬ ಸದ್ದು ನಿಂತು ನಿಂತು ಬರುತ್ತಿತ್ತು.

“ಚೆಂದ ಆಗಿದೆ,” ಎಂದರು. ಕಾಗದವನ್ನು ಮೇಜಿನ ಮೇಲಿಟ್ಟು ಒಂದು ಕಡೆ ಬೆರಳಿಟ್ಟರು. “ಇದೊಂದು ಬಿಡಿ ಮಾಸ್ಟ್ರೆ. ಈ ಸೆಮಿಫೈನಲ್ ದಿನದ ಮಾತು.”

“ಬಿಡುವುದು ಅಂದ್ರೆ?” ಎಂದೆ. “ಒಳಗಾ, ಹೊರಗಾ?”

ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿ ಗೊತ್ತಾಗಬೇಕಿತ್ತು. ಅವರು ಕನ್ನಡಕ ತೆಗೆದರು. ಒರೆಸಿದರು. ಗೋಡೆಯ ಮೇಲೆ, ಕಪ್ ಹಿಡಿದುಕೊಂಡ ತಂಡದ ಫೋಟೋ ಇತ್ತು. ಅದರತ್ತ ನೋಡಿದರು.

“ಹೀಗೆ ಒಂದು ಮಾತು ನಾನು ಆ ದಿನ ಕೇಳ್ಬಹುದಿತ್ತು,” ಎಂದರು.

ಗಿರಾಕಿಯೊಬ್ಬರು ಬಾಗಿಲಲ್ಲಿ ಕೆಮ್ಮಿದರು. ಸುಧಾಕರಣ್ಣ ಕಾಗದವನ್ನು ಮಡಚಿ ನನ್ನ ಕಡೆ ತಳ್ಳಿದರು.

“ಇರಲಿ ಬಿಡಿ,” ಎಂದರು.

ಅದನ್ನು ಒಪ್ಪಿಗೆ ಎಂದು ತಿಳಿದು ಆ ಮಾತನ್ನು ಇಲ್ಲಿ ಉಳಿಸಿದ್ದೇನೆ. ಪೊರ್ಬುಗಳ ‘ಬಿಡಿ’ಯನ್ನು ಅವರೂ ಆ ದಿನ ಹಾಗೆಯೇ ತಿಳಿದಿದ್ದರು.